ನಕ್ಕೋ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂಗೋಡೆಯಲ್ಲಿ
ಸುಣ್ಣದಡಿಯಿಂದ ಇನ್ನೂ ಇಣುಕುತ್ತದೆ
ನನ್ನ ಹದಿನೇಳನೆಯ ವಯಸ್ಸಿನ ಕೈಬರಹ:
ಎಲ್ಲರೂ ಒಂದೇ.
ಕೆಮ್ಮಣ್ಣು ಕಲಸಿ, ಬೇವಿನ ಕಡ್ಡಿ ಜಜ್ಜಿ ಕುಂಚ ಮಾಡಿ
ರಾತ್ರಿ ಹನ್ನೊಂದಕ್ಕೆ ಬರೆದದ್ದು.
ಕೊನೆಯ ದೀರ್ಘ ಎಳೆಯುವ ಹೊತ್ತಿಗೆ ಬಣ್ಣ ತೀರಿ
ಎಂಜಲು ಹಚ್ಚಿ ಮುಗಿಸಿದೆವು.

ಆರು ಜನ. ಬಳಗಕ್ಕೊಂದು ಹೆಸರಿತ್ತು, ರಸೀದಿ ಪುಸ್ತಕವಿತ್ತು,
ವೆಂಕಟರವಣಪ್ಪ ಮೇಷ್ಟ್ರ ಸೈಕಲ್ಲಿತ್ತು.
ಇಲ್ಲದ್ದು ಒಬ್ಬನೇ:
ಯಾರನ್ನು ಒಂದು ಮಾಡಬೇಕೋ ಅವನು.

ಸಿಕ್ಕಿದ. ಖುರ್ಷಿದ್‌ಬೀಯ ಮಗ ಬಾಬಾಜಾನ್.
ರೀಲಿಂಗ್ ಶೆಡ್ಡಿನ ಮೆಟ್ಟಿಲ ಮೇಲೆ
ಒಂದೊಂದೇ ಗೂಡನ್ನು ಕಿವಿಯ ಬಳಿ ಅಲ್ಲಾಡಿಸುತ್ತ ಕೂತವನು.
ಯಾರ ಕಣ್ಣನ್ನೂ ನೋಡ.
ಮುಟ್ಟಿದರೆ ಬೇಸಿನ್ನಿನ ಬಿಸಿನೀರು ಚೆಲ್ಲಿದಂತೆ ಕೂಗುವನು.
ಬಾಯಲ್ಲಿದ್ದದ್ದು ಒಂದೇ ಮಾತು: ನಕ್ಕೋ.
ಅವರ ಮನೆಯ ದಖನಿಯಲ್ಲಿ ಅದು ‘ಬೇಡ’.
ನಮ್ಮ ಬೀದಿಯ ಹುಡುಗರ ಕನ್ನಡದಲ್ಲಿ ಅದೊಂದು ಅಪ್ಪಣೆ.
ಅವ್ನೇ ಹೇಳ್ತಾನಲ್ಲ, ನಕ್ಕೋ ಅಂತ!
ನಕ್ಕರು.
ಮನೆಯಲ್ಲಿ ತೆಲುಗಾಡುವ ನಾನೂ ಒಮ್ಮೆ ನಕ್ಕಿದ್ದೆ,
ಬಳಗ ಸೇರುವ ಮುಂಚೆ.
ಅದನ್ನು ಬಳಗದಲ್ಲಿ ಹೇಳಿರಲಿಲ್ಲ.

ಊರಿಗೆಲ್ಲ ಸಾರಿದೆ:
ಒಳಗಿನ ಹುಳು ಸತ್ತಿದೆಯೋ ಬದುಕಿದೆಯೋ
ಅವನ ಕಿವಿಗೆ ತಿಳಿಯುತ್ತದೆ, ಬೇಕಾದರೆ ನೋಡಿ.
ರೀಲರುಗಳು ನೋಡಿದರು. ಹತ್ತರಲ್ಲಿ ಐದು ಸರಿ.
ಹತ್ತರಲ್ಲಿ ಐದು ನನ್ನ ಕಿವಿಗೂ ಸರಿ.
ಸುಳ್ಳು ನನ್ನದು. ಅವನಿಗೆ ಆ ಸದ್ದು ಇಷ್ಟ, ಅಷ್ಟೆ.
ಸೇರಿಸಿಕೊಳ್ಳಬೇಕಾದರೆ ಏನಾದರೊಂದು ವರ ಇರಬೇಕು ಅವನಲ್ಲಿ
ಎಂದುಕೊಂಡದ್ದು
ಗೋಡೆಗೆ ಬರೆದ ಅದೇ ನಾನು.

ಆಗಸ್ಟ್ ಹದಿನೈದು, ಹೈಸ್ಕೂಲು ಮೈದಾನ.
ಕೈ ಹಿಡಿದು ವೇದಿಕೆ ಹತ್ತಿಸಿದೆ.
ಮೈಕು ಕೀರಿತು. ಚಪ್ಪಾಳೆ.
ಆಕಾಶದ ತಗಡಿಗೆ ಆಲಿಕಲ್ಲು ಬಿದ್ದಂತಾಗಿರಬೇಕು ಅವನಿಗೆ.
ನಕ್ಕೋ, ನಕ್ಕೋ, ನಕ್ಕೋ
ನಾನು ಇನ್ನೂ ಬಿಗಿ ಹಿಡಿದೆ.
ಕಚ್ಚಿದ.
ಬಳೆ ಸರಿಸಿದರೆ ಈಗಲೂ ಕಾಣುತ್ತದೆ.

ಖುರ್ಷಿದ್‌ಬೀ ಬೈಯಲಿಲ್ಲ. ಅರಿಸಿನ ಒತ್ತುತ್ತ ಅಂದಳು:
‘ನಿನ್ ಮಾತಿಗೆ ಅವ್ನು ಬೇಕಿತ್ತಮ್ಮ.
ಅವ್ನಿಗೆ ನಿನ್ ಮಾತು ಬೇಕಾ, ಕೇಳಿದ್ಯಾ?’
ಕೇಳಿರಲಿಲ್ಲ.
ಅವನು ಹೇಳುತ್ತಲೇ ಇದ್ದ.

ಬಳಗ ಮುರಿಯಲಿಲ್ಲ. ಮುರಿಯಲು ಜಗಳವಾದರೂ ಆಗಬೇಕು.
ಒಬ್ಬೊಬ್ಬರಿಗೆ ಒಂದೊಂದು ಸಂಜೆ ಬಿಡುವಾಗಲಿಲ್ಲ.
ಗಂಗುಲಪ್ಪ ಈಗ ಸೈಟು ಮಾರುತ್ತಾನೆ,
‘ನಮ್ಮ ಜನಕ್ಕೆ ಮಾತ್ರ’ ಎಂಬ ಬಡಾವಣೆಯಲ್ಲಿ.
ನನಗೊಂದು ಮೂಲೆ ಸೈಟು ತೋರಿಸಿದ.
ಬೈಯಬೇಕಿತ್ತು.
ಕಂತು ಎಷ್ಟು ಅಂತ ಕೇಳಿದೆ.

ಈಗ ಇದೇ ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆಯುತ್ತೇನೆ.
ರೆಕ್ಕೆ ಬಂದು ಚಿಟ್ಟೆ ತೂತು ಮಾಡಿ ಹೋದ ಗೂಡು
ಹರಾಜಿಗೆ ಬರುವುದಿಲ್ಲ, ಎಳೆ ತುಂಡಾಗಿರುತ್ತದೆ.
ಹೊಸಬರು ಇದನ್ನು ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಾರೆ.
ನಾನೂ ಆಗಿದ್ದೆ.
ಈಗ ಚೀಟಿ ಹರಿದು ಕೈಗಿಡುತ್ತೇನೆ, ಮುಂದಿನವರು ಬನ್ನಿ.

ಮಧ್ಯಾಹ್ನ ಅದೇ ಮೆಟ್ಟಿಲು.
ಅವನ ಗಡ್ಡದಲ್ಲಿ ನೂಲಿನ ಬಣ್ಣ.
ಒಂದೂವರೆ ಮೊಳ ಬಿಟ್ಟು ಕೂರುತ್ತೇನೆ.
ಒಂದಾದರೆ ಎದ್ದು ಹೋಗುತ್ತಾನೆ,
ಎರಡಾದರೆ, ಯಾಕೋ, ತಿರುಗಿ ಹುಡುಕುತ್ತಾನೆ.
ಈ ಅರ್ಧ ಮೊಳ ಕಲಿಯಲು ಎಷ್ಟೋ ವರ್ಷ ಹಿಡಿಯಿತು.
ಕೆಲವು ದಿನ ಒಂದು ಗೂಡನ್ನು ನಮ್ಮ ನಡುವೆ ಇಡುತ್ತಾನೆ.
ಎತ್ತಿ ಅಲ್ಲಾಡಿಸುತ್ತೇನೆ. ಗಲಗಲ.
ಏನು ಕೇಳಿಸಿತು ಅಂತ ಅವನು ಕೇಳುವುದಿಲ್ಲ.
ಬದುಕಿದೆಯೋ ಸತ್ತಿದೆಯೋ, ನಾನೂ ಹೇಳುವುದಿಲ್ಲ.

ಎರಡು ಲೋಟ ಚಹಾ ತಂದಿರುತ್ತೇನೆ.
ಒಂದನ್ನು ಅವನ ಕಡೆ ಸರಿಸುತ್ತೇನೆ.
ನಕ್ಕೋ.
ಸರಿ. ಎರಡೂ ನಾನೇ ಕುಡಿಯುತ್ತೇನೆ.
ನಾಳೆಯೂ ಎರಡೇ ತರುತ್ತೇನೆ.
ಬೇಡ ಅನ್ನಬೇಕಾದರೆ
ಯಾರಾದರೂ ಅವನನ್ನು
ಏನಾದರೂ ಕೇಳಬೇಕಲ್ಲ.